ಒಂದು ಚುಕ್ಕಿಗೆ ಎಷ್ಟು ಬಣ್ಣ?

ಗಡಿ ಹಂಚಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಬರದಂತೆ ನಕಾಶೆ ತುಂಬಲು ಎಷ್ಟು ಬಣ್ಣ ಬೇಕು? 1852ರಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಬಣ್ಣ ಹಚ್ಚುತ್ತಿದ್ದ ಫ್ರಾನ್ಸಿಸ್ ಗಥ್ರಿಗೆ ಈ ಪ್ರಶ್ನೆ ಹೊಳೆಯಿತು. ನಾಲ್ಕು ಸಾಕು ಎಂದು 1976ರಲ್ಲಿ ಆಪೆಲ್ ಮತ್ತು ಹಾಕೆನ್ ಕಂಪ್ಯೂಟರಿನ ನೆರವಿನಿಂದ ಸಾಧಿಸಿ ತೋರಿಸಿದರು.

ಗ್ರಾಫ್ ಸಿದ್ಧಾಂತದಲ್ಲಿ ಪ್ರತಿ ಪ್ರದೇಶವೂ ಒಂದು ಚುಕ್ಕಿ. ಗಡಿ ಹಂಚಿಕೊಂಡ ಚುಕ್ಕಿಗಳ ನಡುವೆ ಒಂದು ಗೆರೆ. ಗೆರೆ ಕೂಡಿಸಿದ ಚುಕ್ಕಿಗಳಿಗೆ ಬೇರೆ ಬೇರೆ ಬಣ್ಣ. ನಕಾಶೆಯಲ್ಲಿ ಬೇರ್ಪಡಿಸುವ ಗಡಿ ಇಲ್ಲಿ ಕೂಡಿಸುವ ಗೆರೆಯಾಗುತ್ತದೆ.

ಕರ್ನಾಟಕ ಮತ್ತು ಅದರ ನೆರೆಯ ರಾಜ್ಯಗಳನ್ನಷ್ಟೇ ನೋಡೋಣ. 2014ಕ್ಕೆ ಮೊದಲು ಮೂರು ಬಣ್ಣ ಸಾಕಿತ್ತು: ಕರ್ನಾಟಕ ಹಳದಿ; ಸುತ್ತಲಿನ ಗೋವಾ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡು, ಕೇರಳಗಳಿಗೆ ಸಾಲಾಗಿ ಕೆಂಪು, ನೀಲಿ, ಕೆಂಪು, ನೀಲಿ, ಕೆಂಪು. ಆ ವರ್ಷದ ಜೂನ್ 2ರಂದು ಮಹಾರಾಷ್ಟ್ರ ಮತ್ತು ಆಂಧ್ರದ ನಡುವೆ ತೆಲಂಗಾಣ ಬಂತು. ಈಗಲೂ ಮೂರೇ ಬಣ್ಣದಲ್ಲಿ ಮುಗಿಸಬಹುದು. ಆದರೆ ತೆಲಂಗಾಣಕ್ಕೆ ಕೆಂಪು ಕೊಟ್ಟು ಆಂಧ್ರ, ತಮಿಳುನಾಡು, ಕೇರಳಗಳ ಬಣ್ಣವನ್ನು ಅದಲುಬದಲು ಮಾಡಬೇಕು. ಕೇರಳದ ಅಂಗುಲ ನೆಲವೂ ಕದಲಲಿಲ್ಲ, ಬಣ್ಣ ಮಾತ್ರ ಬದಲಾಯಿತು. ಅಂದರೆ ಬಣ್ಣ ನೆಲದ ಗುಣವಲ್ಲ, ನೆರೆಹೊರೆಯ ಲೆಕ್ಕ.

ಸಂತಪುರದ ಕಡೆಯವರಿಗೆ ಇದು ಬರೀ ಲೆಕ್ಕವಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹಮದ್‌ಪುರ, ನಿಲಂಗಾ, ಉದಗೀರ್ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಪಾಲು ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಸಂತಪುರ ಮುಂತಾದವು ಮೈಸೂರಿಗೆ ಬಂದವು. ಸೋದರಮಾವನ ಊರು ಒಂದು ಬಣ್ಣ, ಅಳಿಯನ ಊರು ಇನ್ನೊಂದು ಬಣ್ಣ.

ಬಣ್ಣ ಹಚ್ಚುವವರು ಒಂದು ಚುಕ್ಕಿಗೆ ಒಂದೇ ಬಣ್ಣ ಕೊಡಬೇಕು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಬೆರೆತ ಮಾತು ಆಡುವ ಔರಾದ್ ತಾಲ್ಲೂಕಿನ ಹೆಣ್ಣುಮಗಳಿಗೆ ಯಾವ ಬಣ್ಣ?

ನಿಯಮವೇ ತಪ್ಪು ಎನ್ನಲಾಗದು. ಒಬ್ಬ ವಿದ್ಯಾರ್ಥಿಗೆ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬೀಳದಂತೆ ವೇಳಾಪಟ್ಟಿ ಮಾಡುವುದೂ ಇದೇ ಲೆಕ್ಕದಿಂದ. ಬೇಡದ್ದನ್ನು ಬಿಟ್ಟಿದ್ದರಿಂದಲೇ ಅದು ಕೆಲಸಕ್ಕೆ ಬರುತ್ತದೆ. ಆದರೆ ಬಿಟ್ಟವರಿಗೆ ತಾವು ಏನನ್ನು ಬಿಟ್ಟೆವು ಎಂಬ ನೆನಪಿರಬೇಕು. ಅರ್ಜಿ ಯಾವ ಕಚೇರಿಗೆ ಹೋಗಬೇಕು ಎಂದು ತಿಳಿಯಲು ಒಂದು ಬಣ್ಣ ಸಾಕು. ಅದೇ ಬಣ್ಣ ಹಿಡಿದು ಮನುಷ್ಯರ ನಿಷ್ಠೆ ಅಳೆಯಲು ಹೊರಟರೆ ಲೆಕ್ಕ ಅನ್ಯಾಯವಾಗುತ್ತದೆ. ‘ನೀವು ಕನ್ನಡದವರೋ, ಮರಾಠಿಯವರೋ?’ ಎಂದು ಕೇಳಿದಾಗ ‘ಎರಡೂ’ ಎಂಬ ಉತ್ತರ ತಪ್ಪಾಗುವುದು ಚುಕ್ಕಿಗಳಿಗೆ ಮಾತ್ರ.