ನೆರೆಯವರ ಕಟ್ಟಳೆ

ನಗರದ ಇಕ್ಕಟ್ಟನ್ನು ತೊರೆದು ಬಯಲಿನಲ್ಲಿ ಮನೆಮಾಡುವವನು ಸ್ವಾತಂತ್ರ್ಯವನ್ನು ಬಯಸುವನೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ನ್ಯೂಯಾರ್ಕಿನ ಹೊರವಲಯದಲ್ಲಿ 1947ರಲ್ಲಿ ಕಟ್ಟಲಾರಂಭಿಸಿದ ಲೆವಿಟ್‌ಟೌನಿನಲ್ಲಿ, ಬೇಲಿ ಹಾಕಕೂಡದು, ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸತಕ್ಕದ್ದು, ಶನಿವಾರ ಭಾನುವಾರಗಳಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಒಣಗಿಸಕೂಡದು ಎಂಬ ಷರತ್ತುಗಳಿದ್ದವು. ಇಂದು ಅಮೆರಿಕದ ಅನೇಕ ಬಡಾವಣೆಗಳಲ್ಲಿ ಮನೆಯೊಡೆಯರ ಸಂಘಗಳು ಇಂಥವನ್ನೇ ವಿಧಿಸಿ, ತಪ್ಪಿದವರಿಗೆ ದಂಡ ಹಾಕುತ್ತವೆ. ಒಪ್ಪಿ ರುಜು ಹಾಕಿದವನು ದೂರುವುದು ನ್ಯಾಯವೆ? ಅಲ್ಲವೆಂದೇ ನನ್ನ ಮತ. ರುಜು ಹಾಕದವನ ಗತಿಯೇನು?

ಸೇಂಟ್ ಲೂಯಿಸ್ ನಗರದ ಒಂದು ಬೀದಿಯಲ್ಲಿ 39 ಮಂದಿ ಒಡೆಯರ ಪೈಕಿ 30 ಮಂದಿ, ಕರಿಯರೇ ಮೊದಲಾದವರು 50 ವರ್ಷ ಅಲ್ಲಿ ನೆಲಸಕೂಡದೆಂದು 1911ರಲ್ಲಿ ಕರಾರು ಬರೆದುಕೊಂಡರು. 1945ರಲ್ಲಿ ಇದನ್ನರಿಯದೆ ಅಲ್ಲಿ ಮನೆ ಕೊಂಡ ಶೆಲ್ಲಿ ಎಂಬ ಕರಿಯ ದಂಪತಿಗಳ ಮೇಲೆ ನೆರೆಯವರು ದಾವೆ ಹೂಡಿದರು. ಇಂಥ ಕರಾರನ್ನು ನ್ಯಾಯಾಲಯಗಳು ಜಾರಿಗೆ ತರಲಾಗದೆಂದು 1948ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬರೆದುಕೊಳ್ಳುವುದನ್ನು ಮಾತ್ರ ನಿಷೇಧಿಸಲಿಲ್ಲ.

ಹಳ್ಳಿಯಲ್ಲಾದರೋ ಕರಾರುಪತ್ರವಿಲ್ಲ, ನಮ್ಮ ಕೇರಿಗಳನ್ನು ಬೇರ್ಪಡಿಸಲು ಕಾಗದವೇ ಬೇಕಾಗಿರಲಿಲ್ಲವಷ್ಟೆ. ಲೆವಿಟ್‌ಟೌನಿನವರು ಕಾಗದಕ್ಕಿಳಿಸಿದರು. ಹುಲ್ಲನ್ನೂ ಬಟ್ಟೆಯನ್ನೂ ಕುರಿತ ಆ ಮೊದಲ ಬಾಡಿಗೆಪತ್ರದಲ್ಲಿಯೇ, ಬಿಳಿಯರಲ್ಲದವರು ಮನೆಯಲ್ಲಿ ವಾಸಿಸಕೂಡದೆಂಬ ಷರತ್ತೂ ಇತ್ತು. ಮನೆಗೆಲಸದ ಆಳುಗಳಿಗೆ ಮಾತ್ರ ವಿನಾಯಿತಿ.