ಉದುರಿದ ಮೀನಿನ ಲೆಕ್ಕ

ದೋಣಿಯ ಹೊಟ್ಟೆಯಿಂದ ಲಾರಿಯ ಹೊಟ್ಟೆ ಸೇರುವಷ್ಟರಲ್ಲಿ ಮೀನು ಎಷ್ಟು ಕೈ ದಾಟುತ್ತದೆ ಎಂಬುದು ತಿಳಿಯಬೇಕಾದರೆ ಬೆಳಗಿನ ಜಾವ ಮಲ್ಪೆಯ ದಕ್ಕೆಯಲ್ಲಿ ನಿಲ್ಲಬೇಕು. ದೋಣಿಯ ಸ್ಟೋರಿಗೆ ಇಳಿದ ಕಲಾಸಿ, ಅಂದರೆ ಬೋಟಿನ ಕೆಲಸಗಾರ, ಐಸಿನ ಪುಡಿಯ ಸಮೇತ ಮೀನನ್ನು ಬುಟ್ಟಿಗೆ ತುಂಬುತ್ತಾನೆ. ಮೇಲಿದ್ದವನು ಎಳೆದುಕೊಳ್ಳುತ್ತಾನೆ, ಇನ್ನೊಬ್ಬ ದಕ್ಕೆಗೆ ದಾಟಿಸುತ್ತಾನೆ. ಸುರಿದ ರಾಶಿಯ ಸುತ್ತ ಹೆಂಗಸರು ಕುಕ್ಕರಗಾಲಲ್ಲಿ ಕೂತು ವಿಂಗಡಿಸುತ್ತಾರೆ. ಬೊಂಡಾಸ್ ಒಂದು ಬಾಕ್ಸಿಗೆ, ಕಪ್ಪೆ ಬೊಂಡಾಸ್ ಇನ್ನೊಂದಕ್ಕೆ, ರಾಣಿಮೀನು, ಪಾಂಬೊಲ್, ಅಂಜಲ್ ಅದರದರ ಗಾತ್ರ ನೋಡಿಕೊಂಡು. ಬಾಯಿ ಪಕ್ಕದವಳ ಜೊತೆ ಮಗಳ ಮದುವೆಯ ಮಾತಿನಲ್ಲಿರುತ್ತದೆ, ಬೆರಳು ಮಾತ್ರ ತಪ್ಪುವುದಿಲ್ಲ. ಆಮೇಲೆ ಏಲಂ, ತೂಕ, ಮತ್ತೆ ಐಸು, ಮತ್ತೆ ಹೊರೆ. ಹೀಗೆ ಒಂದೊಂದು ಕೈ ದಾಟುವಾಗಲೂ ಒಂದಿಷ್ಟು ಮೀನು ಕೆಳಗೆ ಉದುರುತ್ತದೆ.

ದಕ್ಕೆಗೆ ಮೀನು ತರಲು ಹೋದಾಗಲೆಲ್ಲ ನನ್ನ ಕಣ್ಣು ಹೋಗುವುದು ಈ ಉದುರಿದ ಮೀನಿನ ಕಡೆಗೆ. ಅದಕ್ಕೆ ವಾರಸುದಾರರು ಬಹಳ. ಗಿಡುಗ ಮೇಲಿನಿಂದ ಎರಗುತ್ತದೆ, ಬೆಳ್ಳಕ್ಕಿ ಜನರ ಕಾಲ ಸಂದಿಯಲ್ಲೇ ಓಡಾಡುತ್ತದೆ, ಬೆಕ್ಕುಗಳಿಗಂತೂ ಯಾರ ಹಂಗೂ ಇಲ್ಲ. ಇವುಗಳ ನಡುವೆ ಮನುಷ್ಯರೂ ಇದ್ದಾರೆ. ಪೇಂಟಿನ ಹಳೆಯ ಡಬ್ಬಿ ಹಿಡಿದ ಅಜ್ಜಿಯೊಬ್ಬರನ್ನು ಒಮ್ಮೆ ಬಹಳ ಹೊತ್ತು ಗಮನಿಸಿದೆ. ಹೊಟ್ಟೆ ಒಡೆದ ಬಂಗುಡೆಯೊಂದನ್ನು ಎತ್ತಿ ಡಬ್ಬಿಗೆ ಹಾಕಿಕೊಂಡರು. ಅದರ ಮಗ್ಗುಲಲ್ಲೇ ಗಟ್ಟಿಯಾದ, ಹೊಳೆಯುವ ಇನ್ನೊಂದು ಬಂಗುಡೆ ಬಿದ್ದಿತ್ತು. ಅದನ್ನು ಕಾಲಿನಿಂದ ಮೆಲ್ಲಗೆ ರಾಶಿಯ ಕಡೆಗೆ ತಳ್ಳಿದರು. ರಾಶಿಯ ಬದಿಯಲ್ಲಿ ನಿಂತಿದ್ದ, ಲೆಕ್ಕ ಬರೆಯುವ ರೈಟರು ಅದನ್ನು ನೋಡಿದ, ನೋಡದವನ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದ. ಯಾವುದನ್ನು ಎತ್ತಬಹುದು, ಯಾವುದನ್ನು ಎತ್ತಬಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಕಟ್ಟಳೆಯನ್ನು ಬರೆದಿಟ್ಟವರು ಯಾರೂ ಇಲ್ಲ.

ಕಾನೂನನ್ನು ಕೇಳಿದರೆ ಅದಕ್ಕೆ ಗೊಂದಲವೇ ಇಲ್ಲ. ತೆರೆದ ಕಡಲಲ್ಲಿ ಈಜುವ ಮೀನು ಯಾರ ಸ್ವಾಧೀನದಲ್ಲೂ ಇಲ್ಲ, ಹಾಗಾಗಿ ಅದನ್ನು ಕದಿಯಲು ಬರುವುದಿಲ್ಲ. ಬಲೆಗೆ ಬಿದ್ದು ದೋಣಿಗೆ ಬಂತೋ, ಅದು ಹಿಡಿದವನ ಸೊತ್ತು. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಗೆ ರಾಜ್ಯ ನಿಯಮ ಮಾಡುತ್ತದೆ, ಅದರಾಚೆಗೆ 200 ಮೈಲಿವರೆಗೆ ಕೇಂದ್ರ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯಬಾರದು. ಲೈಟ್ ಹಾಕಿ ಮೀನು ಹಿಡಿಯುವುದನ್ನೂ ಜೋಡಿ ಬೋಟಿನ ಬುಲ್ ಟ್ರಾಲಿಂಗನ್ನೂ ಕೇಂದ್ರ 2017ರಲ್ಲಿ ನಿಷೇಧಿಸಿದೆ, ಅದು ಎಷ್ಟು ಪಾಲನೆಯಾಗುತ್ತಿದೆ ಎಂಬ ಜಗಳ ನಾಡದೋಣಿಯವರಿಗೂ ಬೋಟಿನವರಿಗೂ ನಡೆಯುತ್ತಲೇ ಇದೆ. ಇಷ್ಟೆಲ್ಲ ನಿಯಮ ಕಡಲಿನೊಳಗಿನ ಮೀನಿಗೆ. ದಕ್ಕೆಯ ನೆಲದ ಮೇಲೆ ಬಿದ್ದದ್ದೂ ಹಿಡಿದವನದೇ, ಆದರೂ ಅದು ರೂಢಿಗೆ ಬಿಟ್ಟ ವಿಷಯ.

ಈ ರೂಢಿಯ ಬೇರು ದಕ್ಕೆಗಿಂತ ಹಳೆಯದು. ಟ್ರಾಲ್ ಬೋಟು, ಪರ್ಸೀನ್ ಬರುವ ಮೊದಲು ಕರಾವಳಿಯಲ್ಲಿ ರಂಪಣಿ ಬಲೆಯ ಕಾಲವೊಂದಿತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ನೂರಾರು ಕೈ ಸೇರಿ ಎಳೆಯಬೇಕು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಪಾಲಾಗುತ್ತಿತ್ತು. ಹಾದಿಯಲ್ಲಿ ಹೋಗುವವನು ಹಗ್ಗಕ್ಕೆ ಕೈ ಹಾಕಿದರೆ ಸಂಜೆಯ ಸಾರಿಗೆ ಮೀನು ಸಿಗುತ್ತಿತ್ತು. ಹಗ್ಗ ಮುಟ್ಟಲಾಗದ ಮುದುಕಿಗೂ ಒಂದು ಹಿಡಿ ಬೂತಾಯಿ ಬುಟ್ಟಿಗೆ ಬೀಳುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂತು. ಬಂಗುಡೆ, ಬೂತಾಯಿಯ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಕಡಲಲ್ಲೇ ಸುತ್ತುವ ಬಲೆ ಅದು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಆ ಕಾಲವನ್ನು ಹೊಗಳಿ ಹಾಡುವವರ ಸಾಲಿನಲ್ಲಿ ನಾನಿಲ್ಲ. ರಂಪಣಿಯಲ್ಲೂ ಬಲೆ ಉಳ್ಳವರು, ಇಲ್ಲದವರು ಎಂಬ ಭೇದವಿತ್ತು. ಒಂದು ವ್ಯತ್ಯಾಸವಂತೂ ನಿಜ: ಮೀನು ಬರುತ್ತಿದ್ದುದು ಊರವರ ಎದುರಿಗೆ, ಊರವರ ಕೈಯಿಂದ. ಹಾಗಾಗಿ ಪಾಲು ಕೇಳುವುದಕ್ಕೆ ಯಾರಿಗೂ ನಾಚಿಕೆ ಇರಲಿಲ್ಲ.

ಬಂದರು ದೊಡ್ಡದಾದ ಮೇಲೂ ಆ ಅಭ್ಯಾಸ ಸವೆದು ಸವೆದು ಉಳಿದುಕೊಂಡಿತು. ಇವತ್ತಿಗೂ ಬೋಟು ಬಂದಾಗ ಕಲಾಸಿಗಳು ಸಾರಿಗೆಂದು ಒಂದು ಚೀಲ ಮೀನು ಬದಿಗಿಡುತ್ತಾರೆ. ಐಸ್ ಹೊಡೆಯುವವನಿಗೆ, ಬಲೆ ರಿಪೇರಿಯವನಿಗೆ, ದಕ್ಕೆಯ ಚಹಾದಂಗಡಿಯವನಿಗೆ ಆಗೀಗ ಒಂದೆರಡು ಮೀನು ಹೋಗುತ್ತದೆ. ವಿಂಗಡಿಸುವ ಹೆಂಗಸರಲ್ಲಿ ಕೆಲವರ ಕೂಲಿಯ ಒಂದು ಭಾಗ ಮೀನಿನ ರೂಪದಲ್ಲೇ ಇರುತ್ತದೆ. ಬೋಟಿನ ಯಜಮಾನನ ಪುಸ್ತಕದಲ್ಲಿ ಡೀಸೆಲ್, ಐಸು, ರೇಷನ್ನು ಕಳೆದು, ಉಳಿದದ್ದರಲ್ಲಿ ಯಜಮಾನನಿಗಿಷ್ಟು, ಬೋಟು ನಡೆಸುವ ತಾಂಡೇಲನಿಗಿಷ್ಟು, ಕಲಾಸಿಗಳಿಗಿಷ್ಟು ಎಂಬ ಲೆಕ್ಕ ಕರಾರುವಾಕ್ಕಾಗಿರುತ್ತದೆ. ಈ ಚಿಲ್ಲರೆ ಹಂಚಿಕೆಗೆ ಮಾತ್ರ ಅದರಲ್ಲಿ ಒಂದು ಸಾಲೂ ಇಲ್ಲ. ಅದು ಇರುವುದು ಯಜಮಾನ ಬೇರೆ ಕಡೆ ಮುಖ ತಿರುಗಿಸುವ ಆ ಅರೆಗಳಿಗೆಯಲ್ಲಿ.

ಮುಖ ತಿರುಗಿಸುವುದು ಈಗ ಕಷ್ಟವಾಗಿದೆ. ಮೊದಲ ಕಾರಣ ದರ. ಹಿಂದೆ ಟ್ರಾಲ್ ಬಲೆಗೆ ಬಿದ್ದ ಸಣ್ಣ, ಹೆಸರಿಲ್ಲದ ಮೀನಿಗೆ ಗಿರಾಕಿಯೇ ಇರಲಿಲ್ಲ. ಸ್ಟೋರಿನ ಜಾಗ ಹಾಳಾಗದಿರಲೆಂದು ಅದನ್ನು ಕಡಲಿಗೇ ಚೆಲ್ಲುತ್ತಿದ್ದರು. ದಕ್ಕೆಗೆ ಬಂದರೂ ಗೊಬ್ಬರಕ್ಕೆ ಹೋಗುತ್ತಿತ್ತು. ಆಮೇಲೆ ಫಿಶ್‌ಮೀಲ್ ಕಾರ್ಖಾನೆಗಳು ಎದ್ದವು. ಒಂದು ಕಿಲೋ ಮೀನುಪುಡಿ ಆಗಬೇಕಾದರೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಸಾಕುವವರಿಗೆ, ಕೋಳಿ ಸಾಕುವವರಿಗೆ ಹೋಗುತ್ತದೆ. ಹೀಗೆ ಕಸವೆಂದು ಎಸೆಯುತ್ತಿದ್ದುದಕ್ಕೂ ಕಿಲೋಗೆ ಇಷ್ಟು ಎಂಬ ದರ ಬಂತು. ಮೀನಿನ ಮರಿಗಳೂ ಈಗ ದಡಕ್ಕೆ ಬರುತ್ತವೆ, ಅದು ಇನ್ನೊಂದು ದೊಡ್ಡ ದುಃಖ. ದಕ್ಕೆಯ ಮಟ್ಟಿಗೆ ಆದದ್ದೇನೆಂದರೆ, ನೆಲದ ಮೇಲೆ ಬಿದ್ದು ಐಸಿನ ನೀರಿನಲ್ಲಿ ತೇಲುವ ಹುಡಿಮೀನಿಗೂ ಒಬ್ಬ ಯಜಮಾನ ಹುಟ್ಟಿಕೊಂಡ. ಯಾರಿಗೂ ಬೇಡವಾದದ್ದನ್ನು ಬಡವರು ಎತ್ತಿಕೊಂಡರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ದರ ಬಂದ ಮೇಲೆ ಬೀಳತೊಡಗಿತು.

ಎರಡನೆಯ ಕಾರಣ ಇನ್ನೂ ಕಹಿ. ಡಬ್ಬಿ ಹಿಡಿದ ಆ ಅಜ್ಜಿಯನ್ನು ರೈಟರು ಬಲ್ಲ, ಅವರ ಮನೆ ಯಾವುದೆಂದೂ ಅವನಿಗೆ ಗೊತ್ತು. ಈಗಿನ ದಕ್ಕೆ ತುಂಬ ಗುರುತಿಲ್ಲದ ಜನ. ಬೋಟಿನಲ್ಲಿ ಉತ್ತರ ಕನ್ನಡದವರ ಜೊತೆ ಆಂಧ್ರ, ಒಡಿಶಾ, ಜಾರ್ಖಂಡಿನ ಹುಡುಗರು. ದಡದಲ್ಲಿ ಹೊರೆ ಹೊರುವುದಕ್ಕೆ, ವಿಂಗಡಿಸುವುದಕ್ಕೆ, ತೊಳೆಯುವುದಕ್ಕೆ ಉತ್ತರ ಕರ್ನಾಟಕದಿಂದ ಗುಳೆ ಬಂದ ಕುಟುಂಬಗಳು. ಅವರಿಲ್ಲದೆ ಬಂದರು ಒಂದು ದಿನವೂ ನಡೆಯದು. ಹಾಗಿದ್ದೂ ಅಜ್ಜಿಯ ಡಬ್ಬಿಗೆ ಸಿಗುವ ರಿಯಾಯಿತಿ ಅವರ ಚೀಲಕ್ಕೆ ಸಿಗುವುದಿಲ್ಲ. ಮೀನು ಅದೇ, ನೆಲ ಅದೇ, ಬಗ್ಗುವ ಬೆನ್ನೂ ಅದೇ. ಆದರೆ ಒಬ್ಬರು ಬಗ್ಗಿದರೆ ಪಾಪ ಎನ್ನುತ್ತೇವೆ, ಇನ್ನೊಬ್ಬರು ಬಗ್ಗಿದರೆ ಕೈಯ ಕಡೆ ನೋಡುತ್ತೇವೆ.

2025ರ ಮಾರ್ಚ್‌ನಲ್ಲಿ ಇದೇ ಮಲ್ಪೆ ಬಂದರಿನಲ್ಲಿ, ಮೀನು ಕದ್ದಳೆಂಬ ಆರೋಪ ಹೊರಿಸಿ, ಕೂಲಿಗೆ ಬಂದಿದ್ದ ಪರಿಶಿಷ್ಟ ಜಾತಿಯ ಹೆಂಗಸೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ಜನ ನಿಂತಿದ್ದರು. ಯಾರೋ ತೆಗೆದ ವಿಡಿಯೋವನ್ನು ರಾಜ್ಯವೆಲ್ಲ ನೋಡಿತು. ಪ್ರಕರಣ ದಾಖಲಾಯಿತು, ಬಂಧನಗಳಾದವು, ಬಂಧನವನ್ನು ವಿರೋಧಿಸಿ ಬಂದರಿನಲ್ಲಿ ಪ್ರತಿಭಟನೆಯೂ ನಡೆಯಿತು. ಕದ್ದಳೋ ಇಲ್ಲವೋ ಎಂದು ನಮ್ಮಲ್ಲಿ ಹಲವರು ಚರ್ಚೆ ಮಾಡಿದರು. ಆ ಚರ್ಚೆಯೇ ನನಗೆ ಹೇಸಿಗೆ ಅನ್ನಿಸಿತು. ಕದ್ದಿದ್ದರೆ ಪೊಲೀಸ್ ಠಾಣೆ ಇತ್ತು. ಮರಕ್ಕೆ ಕಟ್ಟಬೇಕೆಂದು ತೋಚಿದ್ದು ಮೀನಿನ ಬೆಲೆ ನೋಡಿ ಅಲ್ಲ, ಅವಳ ಬೆಲೆ ಇಷ್ಟೇ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿದ್ದರಿಂದ. ಅಜ್ಜಿಯ ಡಬ್ಬಿಯ ಬಗ್ಗೆ ನಾನು ಮೆಚ್ಚಿಕೊಂಡಿದ್ದ ಆ ಬಾಯಿಬಿಡದ ರೂಢಿಗೆ ಹೀಗೊಂದು ಹಿಂಬದಿ ಇದೆ. ನಮ್ಮವರಿಗೆ ಅದು ಔದಾರ್ಯ. ನಮ್ಮವರಲ್ಲದವರನ್ನು ಕಾಯಲು ಅದರಲ್ಲಿ ಏನೂ ಇಲ್ಲ.

ಬೋಟಿನವರ ಮಾತನ್ನೂ ಕೇಳದೆ ಹೋದರೆ ಅನ್ಯಾಯವಾದೀತು. ಆಳಸಮುದ್ರಕ್ಕೆ ಹೋಗುವ ಬೋಟು ಒಮ್ಮೆ ಹೊರಟರೆ ಹತ್ತು ಹನ್ನೆರಡು ದಿನ. ಅಷ್ಟು ದಿನದ ಡೀಸೆಲ್, ಐಸು, ಅಕ್ಕಿ, ಕುಡಿಯುವ ನೀರು ಎಲ್ಲವನ್ನೂ ಮೊದಲೇ ತುಂಬಬೇಕು, ಬಹಳ ಸಲ ಸಾಲ ಮಾಡಿ. ಬರಿಗೈಯಲ್ಲಿ ಬಂದರೂ ಡೀಸೆಲ್ಲಿನವನು ಬಿಡುವುದಿಲ್ಲ. ಹಣಕ್ಕಿಂತ ದೊಡ್ಡ ನಷ್ಟವೂ ಉಂಟು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಎರಡು ದಿನಕ್ಕೆ ಸಂಪರ್ಕ ತಪ್ಪಿತು. ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಸಮೀಪ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಮಾಡುವವರೆಗೆ ಮನೆಯವರು ಕಾದರು. ಇಂಥ ಕಡಲಿನಿಂದ ತಂದ ಮೀನನ್ನು ದಡದಲ್ಲಿ ಯಾರೋ ಎತ್ತಿಕೊಂಡು ಹೋದರೆ ಹೊಟ್ಟೆ ಉರಿಯುವುದು ಸಹಜ. ಸಿಟ್ಟಿಗೆ ಕಾರಣವಿದೆ. ಹಗ್ಗಕ್ಕೂ ಮರಕ್ಕೂ ಕಾರಣವಿಲ್ಲ.

ಇನ್ನೊಂದು ಮಾತು. ಮಾರುಕಟ್ಟೆಯಲ್ಲಿ ನಾವು ಮೀನು ಕೊಳ್ಳುವಾಗ ದರ ಹೊಂದಿದ ಮೇಲೂ ಕೈ ಚಾಚಿಯೇ ಇರುತ್ತೇವೆ. ಕೊಸರಿಗೆ. “ಎರಡು ಹಾಕಕ್ಕ, ಮಕ್ಕಳಿಗೆ” ಎಂದು ಕೇಳುತ್ತೇವೆ, ಮೀನಿನ ಅಕ್ಕ ಬೈದುಕೊಂಡೇ ಇನ್ನೆರಡು ಬೂತಾಯಿ ಎಸೆಯುತ್ತಾಳೆ. ಆ ಬೂತಾಯಿಯೂ ಯಾವ ಪುಸ್ತಕದಲ್ಲೂ ಇಲ್ಲ. ಏಲಮ್ಮಿನಲ್ಲಿ ಅವಳು ಕೂಗಿ ಹಿಡಿದ ಬುಟ್ಟಿ, ರಿಕ್ಷಾ ಬಾಡಿಗೆ, ಐಸು ಎಲ್ಲ ಕಳೆದು ಅವಳಿಗೆ ಉಳಿಯುವ ಚೂರಿನಲ್ಲಿ ನಾವು ಕಿತ್ತುಕೊಂಡದ್ದು ಅದು. ಚಪ್ಪಲಿ ಹಾಕಿ, ಸ್ಕೂಟರು ನಿಲ್ಲಿಸಿ, ಗಟ್ಟಿ ದನಿಯಲ್ಲಿ ಕೇಳುವವರಿಗೆ ಅದು ಗಿರಾಕಿಯ ಹಕ್ಕು.

ಜುಲೈ ತಿಂಗಳ ರಜೆಯಲ್ಲಿ, ಬೋಟುಗಳೆಲ್ಲ ಒತ್ತಾಗಿ ಕಟ್ಟಿಕೊಂಡು ನಿಂತಿದ್ದಾಗ, ಪರಿಚಯದ ಬೋಟು ಯಜಮಾನರೊಬ್ಬರ ಹತ್ತಿರ ದಕ್ಕೆಯಲ್ಲಿ ಉದುರಿದ ಮೀನಿನ ವಿಷಯ ತೆಗೆದೆ. ಬಲೆಯ ಕಣ್ಣು ನೋಡುತ್ತ ಕೂತಿದ್ದರು. ಕೂಲಿಗೆ ಬಂದವರ ಮೇಲೆ ಅವರಿಗೆ ದ್ವೇಷವಿಲ್ಲ, ಮಳೆಗಾಲದಲ್ಲಿ ಆ ಕೂಲಿಯವರ ಮಕ್ಕಳ ಶಾಲೆಗೆಂದು ದುಡ್ಡು ಕೊಟ್ಟದ್ದೂ ಉಂಟು.

“ಒಬ್ಬಳು ಒಂದು ಕಿಲೋ ಅಂತ ನೀವು ಲೆಕ್ಕ ಹಾಕ್ತೀರಿ. ದಕ್ಕೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ನೋಡಿದ್ದೀರಾ?” ಎಂದು ಕೇಳಿದರು.

ಹಾಗಾದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಿ ಎಂದೆ. ಡೀಸೆಲ್, ಐಸು, ರೇಷನ್ನಿನ ಕೆಳಗೆ ಇನ್ನೊಂದು ಸಾಲು. ಬೋಟು ಖಾಲಿ ಮಾಡಿದ ಪ್ರತಿಯೊಬ್ಬರಿಗೂ ಸಾರಿಗೆ ಇಷ್ಟು ಮೀನು ಎಂದು ಮೊದಲೇ ನಿಗದಿ. ಊರಿನವರಾಗಲಿ, ಹೊರಗಿನವರಾಗಲಿ. ಅದಕ್ಕಿಂತ ಹೆಚ್ಚು ಎತ್ತಿದರೆ ಆಮೇಲೆ ಕಳ್ಳತನ ಅನ್ನಿ.

ಅವರು ಸ್ವಲ್ಪ ಹೊತ್ತು ಬಲೆ ಎಳೆದು ನೋಡಿದರು. “ಮೀನು ಕೊಡುವುದು ಕಷ್ಟ ಅಲ್ಲ ಮಾರಾಯ್ರೆ, ಈಗಲೂ ಕೊಡ್ತೇವೆ. ಬರೆದರೆ ಅದು ಹಕ್ಕು ಆಗ್ತದೆ ಅಲ್ವಾ? ನಾಳೆ ಮೀನು ಕಮ್ಮಿ ಬಂದ ದಿನವೂ ಕೇಳ್ತಾರೆ.”

ಕೇಳಲಿ, ಕಲಾಸಿಗಳೂ ಕೇಳುತ್ತಾರಲ್ಲ ಎಂದೆ. ಅವರು ಉತ್ತರ ಕೊಡಲಿಲ್ಲ. ಆಗಸ್ಟ್‌ಗೆ ಡೀಸೆಲ್ ದರ ಎಷ್ಟಾಗಬಹುದು ಎಂಬ ಕಡೆಗೆ ಮಾತು ಹೊರಳಿಸಿದರು.