ಭೀಮನ ಗದೆ ಎಷ್ಟು ತೂಕ?

(ಭಾನುವಾರದ ಮಧ್ಯಾಹ್ನ. ಟೀವಿಯಲ್ಲಿ ಎರಡನೇ ಮಹಾಯುದ್ಧದ ಸಿನಿಮಾ, 1969ರ ‘ಬ್ಯಾಟಲ್ ಆಫ್ ಬ್ರಿಟನ್’. ಮಾವ ವಾಯುಪಡೆಯಲ್ಲಿ ಎಂಜಿನ್ ಫಿಟರ್ ಆಗಿದ್ದು ನಿವೃತ್ತರಾದವರು. ಅಕ್ಕನ ಮಗಳು ವಸುಧಾಗೆ ಸಿನಿಮಾ ಸಂಕಲನದ ಕೆಲಸ. ರಿಮೋಟು ಮಾವನ ಕೈಯಲ್ಲಿರುವುದೇ ತೊಂದರೆ.)

ವಸುಧಾ: ಯಾಕೆ ನಿಲ್ಲಿಸಿದ್ರಿ ಮಾವ? ಒಳ್ಳೇ ಜಾಗಕ್ಕೆ ಬಂದಿತ್ತು.

ಮಾವ: ಆ ಜರ್ಮನ್ ವಿಮಾನದ ಮೂತಿ ನೋಡೇ. ಹೊಗೆ ಕೊಳವೆ ಎಲ್ಲಿದೆ?

ವಸುಧಾ: ಮೇಲ್ಗಡೆ, ಪೈಲಟ್ ಮುಂದೆ.

ಮಾವ: ಮೆಸ್ಸರ್‌ಸ್ಮಿಟ್ 109ಕ್ಕೆ ಅದು ಕೆಳಗಡೆ ಇರಬೇಕು. ಡೈಮ್ಲರ್-ಬೆಂಜ್ ಎಂಜಿನ್ನನ್ನು ತಲೆಕೆಳಗು ಮಾಡಿ ಕೂರಿಸ್ತಿದ್ರು, ಸಿಲಿಂಡರು ನೆಲ ನೋಡ್ತಿದ್ವು. ಇದರೊಳಗಿರೋದು ರೋಲ್ಸ್ ರಾಯ್ಸ್ ಮೆರ್ಲಿನ್. ಬ್ರಿಟಿಷರ ಸ್ಪಿಟ್‌ಫೈರ್‌ನ ಎಂಜಿನ್ನು! ಪ್ರೊಪೆಲರಿಗೆ ಮೂರು ಅಲಗು ಇರಬೇಕಾದ ಕಡೆ ನಾಲ್ಕಿದೆ. ಗದ್ದ ಊದಿಕೊಂಡಿದೆ. ಇದನ್ನ ತಯಾರಿಸಿದ ಸ್ಪೇನಿನವರೇ ಬುಚೋನ್ ಅಂತ ಕರೆದ್ರು, ಎದೆ ಉಬ್ಬಿಸೋ ಒಂದು ಜಾತಿ ಪಾರಿವಾಳದ ಹೆಸರು.

ವಸುಧಾ: ಪಾಪ, ಅವರೇನು ಬೇಕಂತ ಮಾಡಿದ್ರಾ? ಜರ್ಮನರಿಂದ ಲೈಸೆನ್ಸ್ ತಗೊಂಡ್ರು, ಯುದ್ಧದ ಗಡಿಬಿಡೀಲಿ ಎಂಜಿನ್ ಬರಲಿಲ್ಲ. 1950ರ ದಶಕದಲ್ಲಿ ಕೈಗೆ ಸಿಕ್ಕ ಮೆರ್ಲಿನ್ ಕೂರಿಸಿದ್ರು. 1968ರಲ್ಲಿ ಚಿತ್ರೀಕರಣದವರಿಗೆ ಗುಂಪುಗುಂಪಾಗಿ ಹಾರಿಸೋಕೆ ಇದ್ದದ್ದು ಅವೇ. ಬಾಂಬರ್ ಹೈಂಕಲ್ ಕಥೆಯೂ ಅದೇ ತಾನೆ?

ಮಾವ: ಅದಕ್ಕೂ ಮೆರ್ಲಿನ್ನೇ! ಲಂಡನ್ನಿನ ಮೇಲೆ ದಾಳಿ ಮಾಡೋಕೆ ಬರೋರೂ ಬ್ರಿಟಿಷ್ ಎಂಜಿನ್ನಲ್ಲೇ ಬರ್ತಾರೆ, ಓಡಿಸೋರೂ ಬ್ರಿಟಿಷ್ ಎಂಜಿನ್ನಲ್ಲೇ ಓಡಿಸ್ತಾರೆ.

ವಸುಧಾ: ನಿಮಗೊಂದು ತಮಾಷೆ ಹೇಳ್ಲಾ? 1935ರಲ್ಲಿ ಮೊಟ್ಟಮೊದಲ ಮೆಸ್ಸರ್‌ಸ್ಮಿಟ್ 109 ಹಾರಿದ್ದು ಯಾವ ಎಂಜಿನ್ ಇಟ್ಕೊಂಡು? ರೋಲ್ಸ್ ರಾಯ್ಸ್ ಕೆಸ್ಟ್ರೆಲ್. ಜರ್ಮನ್ ಎಂಜಿನ್ ಇನ್ನೂ ತಯಾರಿರಲಿಲ್ಲ. ಹುಟ್ಟಿದಾಗಲೇ ಸಾಲದ ಎಂಜಿನ್ನು ಮಾವ, ನೀವು ಮೂತಿ ಹಿಡ್ಕೊಂಡು ಜಗಳಕ್ಕೆ ನಿಂತಿದ್ದೀರಿ.

ಮಾವ: (ನಕ್ಕು) ಗೊತ್ತು ಕಣೇ. ಆದರೆ ನನ್ನ ತಕರಾರು ಮೂತಿ ಚೆಂದಗಿಲ್ಲ ಅಂತಲ್ಲ. 1940ರಲ್ಲಿ ಮೆರ್ಲಿನ್‌ಗೆ ಕಾರ್ಬ್ಯುರೇಟರ್ ಇತ್ತು. ಮೂಗನ್ನ ತಟ್ಟನೆ ಕೆಳಕ್ಕೆ ತಳ್ಳಿದರೆ ಪೆಟ್ರೋಲ್ ಮೇಲಕ್ಕೆ ಎಗರಿ ಎಂಜಿನ್ ಕೆಮ್ಮೋದು. ಜರ್ಮನರದ್ದು ಹಾಗಲ್ಲ, ಇಂಧನ ನೇರ ಸಿಲಿಂಡರಿಗೇ ಹೋಗೋದು. ಅವನು ಸೀದಾ ಧುಮುಕಿ ತಪ್ಪಿಸ್ಕೊಳ್ತಿದ್ದ. ಸ್ಪಿಟ್‌ಫೈರ್‌ನವನು ಮೊದಲು ವಿಮಾನ ಮಗುಚಿ, ಆಮೇಲೆ ಬೆನ್ನಟ್ಟಬೇಕಿತ್ತು. ಆ ಒಂದೆರಡು ಸೆಕೆಂಡಲ್ಲಿ ಯಾರು ಮನೆಗೆ ಹೋಗ್ತಾರೆ, ಯಾರು ಹೋಗಲ್ಲ ಅನ್ನೋದು ತೀರ್ಮಾನ ಆಗ್ತಿತ್ತು. ಇಬ್ಬರಿಗೂ ಒಂದೇ ಎಂಜಿನ್ ಕೊಟ್ರೆ ಆ ಸೆಕೆಂಡೇ ಇಲ್ಲ.

ವಸುಧಾ: ಮೆರ್ಲಿನ್ನಿನ ಆ ಕೆಮ್ಮನ್ನ ಸರಿಮಾಡಿದ್ದು ಬಿಯಾಟ್ರಿಸ್ ಶಿಲ್ಲಿಂಗ್ ಅನ್ನೋ ಹೆಂಗಸು, 1941ರಲ್ಲಿ. ಇಂಧನ ಉಕ್ಕದ ಹಾಗೆ ತಡೆಯೋ ಒಂದು ಪುಟ್ಟ ಲೋಹದ ತುಂಡು ಹಾಕಿ. ಆಕೆಯೂ ಈ ಸಿನಿಮಾದಲ್ಲಿಲ್ಲ, ನಿಮ್ಮ ತಕರಾರಿನಲ್ಲೂ ಇರಲಿಲ್ಲ.

ಮಾವ: ...ಇರಲಿಲ್ಲ, ಒಪ್ಪಿದೆ.

(ಅತ್ತೆ ಚುರುಮುರಿ ತಟ್ಟೆ ತಂದಿಡುತ್ತಾರೆ.)

ಅತ್ತೆ: ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಗದೆ ಅಂದ್ರೆ ಬಿದಿರು ಬುಟ್ಟಿಗೆ ಬಣ್ಣದ ಕಾಗದ. ಎಲ್ಲರಿಗೂ ಗೊತ್ತಿತ್ತು. ದುರ್ಯೋಧನನ ತೊಡೆ ಮುರಿದಾಗ ಅತ್ತಿಲ್ವಾ ನಾವು?

ಮಾವ: ಭೀಮ ಅದನ್ನ ಹೇಗೆ ಎತ್ತಿದ?

ಅತ್ತೆ: ತಿಣುಕಿಕೊಂಡು. ಸೊಂಟ ಬಗ್ಗಿಸಿ.

ಮಾವ: ಕೊಡೆ ತಿರುಗಿಸಿದ ಹಾಗೆ ತಿರುಗಿಸಿದ್ದರೆ?

ಅತ್ತೆ: ಸೀಟಿ ಹೊಡೆದು ಕಳಿಸ್ತಿದ್ವಿ. (ಒಳಗೆ ಹೋಗುತ್ತಾರೆ.)

ಮಾವ: ಕೇಳಿದ್ಯಾ? ನಾನು ಹೇಳ್ತಿರೋದೂ ಆ ತೂಕದ ಮಾತೇ. ‘ಪ್ಯಾಟನ್’ ಸಿನಿಮಾ ತಗೋ, 1970ರದ್ದು. ಅಮೆರಿಕದ ಜನರಲ್ ಪ್ಯಾಟನ್ ತೀರಿಕೊಂಡಿದ್ದು 1945ರಲ್ಲಿ. ಆಮೇಲೆ ಅವರ ಹೆಸರಿಟ್ಟ ಟ್ಯಾಂಕುಗಳೇ, ಖೇಮ್‌ಕರಣ್ ಹತ್ರ 1965ರ ಯುದ್ಧದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನ ನಮ್ಮೋರು ಒಡೆದರಲ್ಲ, ಅವೇ ಜಾತಿಯವು, ಆ ಸಿನಿಮಾದಲ್ಲಿ ಎರಡೂ ಕಡೆ ನಿಂತಿವೆ. ಜರ್ಮನರ ಟೈಗರ್ 57 ಟನ್, ಅಮೆರಿಕನ್ನರ ಶೆರ್ಮನ್ ಹೆಚ್ಚುಕಮ್ಮಿ ಅದರ ಅರ್ಧ. ಶೆರ್ಮನ್ ಒಳಗೆ ಕೂತವನ ಹೆದರಿಕೆ ಹುಟ್ಟಿದ್ದೇ ಆ ಲೆಕ್ಕದಿಂದ. ಒಂದೇ ಅಚ್ಚಿನ ಎರಡು ಟ್ಯಾಂಕ್ ಎದುರುಬದುರು ನಿಲ್ಲಿಸಿ, ಹೆದರು ಅಂದ್ರೆ ಹೇಗೆ ಹೆದರಲಿ?

ವಸುಧಾ: ಸರಿ. ಆದರೆ ನಿಮ್ಮ ಮಾತೇ ನಿಮಗೆ ತಿರುಗತ್ತೆ. ಬುಟ್ಟಿಯ ಗದೆಗೆ ತೂಕ ಕೊಟ್ಟದ್ದು ನಟನ ಸೊಂಟ. ಹಾಗೇ ಈ ಪಾರಿವಾಳ ಧುಮುಕಿದಾಗ ಸ್ಪಿಟ್‌ಫೈರ್ ಮಗುಚಿಕೊಂಡು, ತಡವಾಗಿ, ಹಲ್ಲು ಕಚ್ಚಿಕೊಂಡು ಹಿಂದೆ ಬಿದ್ದರೆ, ನಿಮ್ಮ ಆ ಸೆಕೆಂಡು ತೆರೆ ಮೇಲೆ ಬಂತಲ್ಲ? ಅಸಲಿ ಡೈಮ್ಲರ್ ಎಂಜಿನ್ ತಂದು ಕೂರಿಸಿ ಅದನ್ನ ತೋರಿಸದೇ ಬಿಟ್ಟರೆ, ಯಾರಿಗೆ ಏನು ಗೊತ್ತಾಗತ್ತೆ? ಸಂಕಲನದ ಮೇಜಿನ ಮೇಲೆ ನನಗೆ ಕಾಣೋದು ಚಲನೆ. ಬಾನೆಟ್ಟಿನ ಒಳಗಿರೋದು ಕಾಣಲ್ಲ.

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಈ ಸಿನಿಮಾ ನಾಲ್ಕು ಸಲ ನೋಡಿದ್ದೀನಿ. ಯಾವ ಸ್ಪಿಟ್‌ಫೈರ್ ಎಲ್ಲಿ ಮಗುಚಿತು ಅಂತ ಕೇಳಿದ್ರೆ ಹೇಳಕ್ಕಾಗಲ್ಲ. ನಾಲ್ಕು ಸಲವೂ ಮೂತಿನೇ ನೋಡ್ತಾ ಕೂತಿದ್ದೆ.

ವಸುಧಾ: ಅಂದ್ರೆ ಸೋತ್ರಿ.

ಮಾವ: ಅರ್ಧ. ನಾಟಕದ ಗದೆ ಯಾವತ್ತೂ ನಾನೇ ಭೀಮನ ಗದೆ ಅಂತ ಸಾಕ್ಷಿ ಹೇಳಲ್ಲ. ಕ್ಯಾಮೆರಾ ಹೇಳತ್ತೆ. ನಾಳೆ ಮ್ಯೂಸಿಯಮ್ಮಲ್ಲಿ ಅಸಲಿ 109 ಕಂಡ ಹುಡುಗ, ಇದರ ಮೂತಿ ಸರಿಯಿಲ್ಲ ಅಂತಾನೆ.

ವಸುಧಾ: ಆ ಸಾಕ್ಷಿಯೂ ಸುಳ್ಳಲ್ಲ ಮಾವ. 1968ರಲ್ಲಿ ಸ್ಪೇನಿನ ಹತ್ರ ಏನಿತ್ತು ಅಂತ ಅದು ಸರಿಯಾಗೇ ಹೇಳ್ತಿದೆ. ಅಂದಹಾಗೆ, ‘ಡನ್‌ಕರ್ಕ್’ ಸಿನಿಮಾದಲ್ಲಿ ಹಾರೋದೂ ಬುಚೋನೇ. 2017ರಲ್ಲೂ. ಮೇಲಿಂದ ಅದರ ಮೂತಿಗೆ ಹಳದಿ ಬಣ್ಣ ಬಳಿದಿದ್ದಾರೆ. ಜರ್ಮನರು ಹಾಗೆ ಬಳಿದುಕೊಂಡದ್ದು ಡನ್‌ಕರ್ಕ್ ಕಾಳಗ ಮುಗಿದ ಮೇಲೆ.

ಮಾವ: ಸಿನಿಮಾದವರು ಯಾಕೆ ಬಳಿದ್ರು?

ವಸುಧಾ: ಯಾರು ಶತ್ರು ಅಂತ ನಮಗೆ ಥಟ್ಟನೆ ತಿಳೀಲಿ ಅಂತ.

ಮಾವ: ಹಾಗಾದರೆ ಬಣ್ಣ ಬಿಟ್ಟುಬಿಟ್ಟೆ. ಎಂಜಿನ್ ಬಿಡಲ್ಲ. (ರಿಮೋಟು ಅವಳ ಕೈಗೆ ಕೊಟ್ಟು) ಹಾಕು, ಈ ಸಲ ಸ್ಪಿಟ್‌ಫೈರ್ ನೋಡ್ತೀನಿ.